ಒಂದು ಗೆರೆ ಕಳೆದುಕೊಂಡ ಚಹಾ

ಹೋದ ಸಂಚಿಕೆಯಲ್ಲಿ ಚೀನಾದ ಗುವಾಂಗ್‌ಝೌ ನಗರದ ನನ್ನ ಒಂಬತ್ತು ವರ್ಷದ ಲೆಕ್ಕಪತ್ರದ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಚೀನೀ ಅಕ್ಷರದ ಬಗ್ಗೆ ಪತ್ರಗಳು ಬಂದಿವೆ. ಹೊಸನಗರದಿಂದ, ತೀರ್ಥಹಳ್ಳಿಯಿಂದ, ಸಾಗರದಿಂದ. ಶಿವಮೊಗ್ಗದ ಒಬ್ಬ ಹುಡುಗನಿಂದಲೂ. ನಾನು ಪಂಡಿತಳಲ್ಲ. ಇನ್‌ವಾಯ್ಸ್ ಓದಲು ಲಿಪಿ ಕಲಿತವಳು. ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ: ಮಗ ಬೆಂಗಳೂರಿನಿಂದ ಬರುವಾಗ ಒಂದು ಪಿಂಗಾಣಿ ಲೋಟ ತಂದುಕೊಟ್ಟ. ಅದರ ಮೇಲೆ ಒಂದೇ ಒಂದು ಚೀನೀ ಅಕ್ಷರ ಉಬ್ಬಿಕೊಂಡಿದೆ. ಮೇಲೆ ಹುಲ್ಲು, ಕೆಳಗೆ ಮರ, ನಡುವೆ ಮನುಷ್ಯ. ಹುಲ್ಲಿಗೂ ಮರಕ್ಕೂ ನಡುವೆ ಮನುಷ್ಯ ನೆಮ್ಮದಿಯಾಗಿ ಕೂತರೆ ಅದೇ ಚಹಾ, ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವಾ? ನಾವು ಹೇಳುವ ‘ಚಹಾ’ಕ್ಕೂ ಅದಕ್ಕೂ ಸಂಬಂಧ ಉಂಟಾ? (ಹೊಸನಗರದ ಓದುಗರು)

ಉತ್ತರ: ಲೋಟದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕಳಿಸಿದ್ದೀರಲ್ಲ, ಒಳ್ಳೆಯದಾಯಿತು. ಫೋಟೋ ಆಗಿದ್ದರೆ ಪಿಂಗಾಣಿಯ ಹೊಳಪಿನಲ್ಲಿ ಗೆರೆ ಕಾಣುತ್ತಿರಲಿಲ್ಲ. ಎಣಿಸಿದೆ. ಒಂಬತ್ತು. ಚಹಾ ಅಕ್ಷರವೇ, ಅನುಮಾನ ಬೇಡ.

ನೀವೂ ಒಂದು ಹಾಳೆ ತಗೊಳ್ಳಿ. ಮೊದಲು ಒಂದು ಅಡ್ಡಗೆರೆ. ಅದನ್ನು ಕತ್ತರಿಸುವ ಹಾಗೆ ಎರಡು ಗಿಡ್ಡ ನೇರಗೆರೆ. ಇದು ಹುಲ್ಲು. ಸೊಪ್ಪು, ಹೂವು, ಗಿಡಗಂಟಿ ಯಾವುದರ ಅಕ್ಷರ ನೋಡಿದರೂ ಜಾಸ್ತಿ ಸಲ ನೆತ್ತಿಯ ಮೇಲೆ ಇದೇ ಕೂತಿರುತ್ತದೆ. ಅದರ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಇಳಿಜಾರು ಗೆರೆ, ನಮ್ಮ ಹಂಚಿನ ಮಾಡಿನ ಹಾಗೆ. ಮಾಡಿನ ಕೆಳಗೆ ಒಂದು ಅಡ್ಡಗೆರೆ, ನಡುವೆ ನೆಟ್ಟಗೆ ಒಂದು ಕಂಬ, ಕಂಬದ ಎರಡೂ ಬದಿಗೆ ಒಂದೊಂದು ಚಿಕ್ಕ ಗೆರೆ. ಮೂರು, ಎರಡು, ನಾಲ್ಕು. ಮುಗಿಯಿತು.

ವಾಟ್ಸಾಪ್ ಕತೆ ಪೂರ್ತಿ ಗಾಳಿಮಾತೇನೂ ಅಲ್ಲ. ಮಾಡಿನಂಥ ಆ ಎರಡು ಗೆರೆಯನ್ನು ಬೇರೆಯಾಗಿ ಬರೆದರೆ ‘ಮನುಷ್ಯ’ ಅಂತಲೇ ಅರ್ಥ. ಕೆಳಗಿನದು ಮರದ ಅಕ್ಷರದ ಹಾಗೇ ಕಾಣುತ್ತದೆ. ಚೀನಾದ ಚಹಾ ಅಂಗಡಿಗಳಲ್ಲೂ ಇದೇ ಕತೆ ಹೇಳಿ ಗಿರಾಕಿಗಳನ್ನು ಕೂರಿಸುತ್ತಾರೆ. ನಾನೂ ಹಾಗೇ ಕಲಿತೆ. ಅಕ್ಷರ ನೆನಪಿಡಲು ಅದು ಚೆನ್ನಾಗಿದೆ. ಆದರೆ ಅಕ್ಷರ ಹುಟ್ಟಿದ್ದು ಹಾಗಲ್ಲ.

ಹಳೆಯ ಚೀನಾದಲ್ಲಿ ಒಂದು ಕಹಿ ಸೊಪ್ಪಿತ್ತು. ಅದರ ಹೆಸರು, ನಗಬೇಡಿ, ‘ಥೂ’. ಈಗಿನ ಚೀನೀ ಉಚ್ಚಾರದಲ್ಲಿ ಹೆಚ್ಚುಕಡಿಮೆ ಹಾಗೇ ಕೇಳುತ್ತದೆ. ಕಹಿ ಸೊಪ್ಪಿಗೆ ಇದಕ್ಕಿಂತ ಒಪ್ಪುವ ಹೆಸರು ನಮ್ಮ ಕನ್ನಡದವರಿಗೂ ಹೊಳೆಯುತ್ತಿರಲಿಲ್ಲ. ಇದನ್ನು ಬರೆಯುವುದು ಹೇಗೆ ಅಂದರೆ, ಮೇಲೆ ಹುಲ್ಲು, ಕೆಳಗೆ ಅದೇ ಮಾಡು, ಮಾಡಿನ ಕೆಳಗೆ ಒಂದಲ್ಲ, ಎರಡು ಅಡ್ಡಗೆರೆ. ಒಟ್ಟು ಹತ್ತು ಗೆರೆ. ಹುಲ್ಲಿನ ಕೆಳಗಿನ ಆ ಭಾಗದಲ್ಲಿ ಮನುಷ್ಯನೂ ಇಲ್ಲ, ಮರವೂ ಇಲ್ಲ. ಅದು ಇಡಿಯಾಗಿ ಬೇರೆ ಒಂದು ಅಕ್ಷರ, ಬರೀ ಉಚ್ಚಾರಕ್ಕೆ ಅಂತ ಕೂರಿಸಿದ್ದು. ‘ಇದು ಸೊಪ್ಪಿನ ಜಾತಿ, ಹೀಗೆ ಕೂಗಬೇಕು’, ಅಷ್ಟೇ ಅದು ಹೇಳುವುದು. ಚೀನೀ ಅಕ್ಷರ ಹತ್ತರಲ್ಲಿ ಎಂಟು ಹೀಗೇ ಆಗಿರುವುದು. ಒಂದು ತುಂಡು ಜಾತಿ ಹೇಳುತ್ತದೆ, ಇನ್ನೊಂದು ತುಂಡು ಕಿವಿಗೆ. ನಾವು ಚಿತ್ರ ಹುಡುಕುತ್ತಾ ಕೂರುತ್ತೇವೆ.

ಚಹಾ ಎಲೆಯೂ ಕಹಿಯೇ ಅಲ್ವಾ? ಹಾಗಾಗಿ ಮೊದಮೊದಲು ಅದನ್ನೂ ‘ಥೂ’ ಅಕ್ಷರದಲ್ಲೇ ಬರೆದರು. ಕ್ರಿ.ಪೂ. 59ರ ಒಂದು ಕರಾರುಪತ್ರ ಇದೆ, ಸಿಚುವಾನ್ ಕಡೆಯದು, ಅರ್ಧ ತಮಾಷೆಗೆ ಬರೆದದ್ದು. ಆಳು ಮಾಡಬೇಕಾದ ಕೆಲಸಗಳ ಉದ್ದ ಪಟ್ಟಿ. ಗುಡಿಸು, ಬುಟ್ಟಿ ಹೆಣೆ, ಹಂದಿ ಸಾಕು ಅಂತೆಲ್ಲ ಹೇಳುತ್ತಾ ನಡುವೆ ‘ಥೂ ಕಾಯಿಸು’, ‘ಇಂಥ ಊರಿಗೆ ಹೋಗಿ ಥೂ ಕೊಂಡು ಬಾ’ ಎನ್ನುತ್ತದೆ. ಸೊಪ್ಪು ತರಲು ಯಾರೂ ಅಷ್ಟು ದೂರ ಹೋಗುವುದಿಲ್ಲ. ಅದು ಚಹಾ ಇರಬೇಕು ಎಂದು ಬಲ್ಲವರ ಲೆಕ್ಕ. ಪಟ್ಟಿ ಓದುವುದು ಮುಗಿಯುವಾಗ ಆಳು ಅಳುತ್ತಾನೆ. ನಾನಾಗಿದ್ದರೂ ಅಳುತ್ತಿದ್ದೆ.

ಒಂದೇ ಅಕ್ಷರಕ್ಕೆ ಕಹಿ ಸೊಪ್ಪು, ಚಹಾ, ಅದರ ಜೊತೆಗೆ ಜೊಂಡಿನ ಬಿಳಿ ಹೂವು, ಇಷ್ಟೆಲ್ಲ ಅರ್ಥ ಆಯಿತು. ಗೊಂದಲ ಆಗದೇ ಇರುತ್ತದಾ? 8ನೇ ಶತಮಾನದ ಹೊತ್ತಿಗೆ, ತಾಂಗ್ ರಾಜರ ಕಾಲದಲ್ಲಿ, ಚಹಾ ಕುಡಿಯುವುದು ಊರೂರಿಗೆ ಹರಡಿತ್ತು. ಆಗ ಚಹಾಕ್ಕೆ ಮಾತ್ರ ಒಂದು ಗೆರೆ ಕಡಿಮೆ ಮಾಡಿ ಬರೆಯುವ ರೂಢಿ ನಿಂತಿತು. ಎರಡು ಅಡ್ಡಗೆರೆಯಲ್ಲಿ ಒಂದು ಹೋಯಿತು. ಹೋದ ಮೇಲೆ ಉಳಿದದ್ದು ‘ಮನುಷ್ಯ’, ‘ಮರ’ ಎಂಬಂತೆ ಕಂಡಿತು. ನಿಮ್ಮ ವಾಟ್ಸಾಪ್ ಕತೆ ಹುಟ್ಟಿದ್ದು ಆಮೇಲೆ. ಅದೇ ಕಾಲದ ಲು ಯೂ ಎಂಬಾತ ಚಹಾದ ಬಗ್ಗೆಯೇ ಒಂದು ಪುಸ್ತಕ ಬರೆದ, ‘ಛಾ ಜಿಂಗ್’ ಅಂತ. ಗೆರೆ ಅಳಿಸಿದ್ದು ಅವನೊಬ್ಬನೇ ಅಲ್ಲ, ಆದರೆ ಅವನ ಪುಸ್ತಕ ಹರಡಿದ ಹಾಗೆ ಆ ರೂಪವೂ ಹರಡಿತು. ಚಹಾಕ್ಕೆ ಐದು ಹೆಸರು ಇದೆ ಅಂತ ಅವನೇ ಬರೆದಿದ್ದಾನೆ. ಐದರಲ್ಲಿ ಗೆದ್ದದ್ದು ಇದು.

ಹಳೆಯ ‘ಥೂ’ ಸತ್ತಿಲ್ಲ. ಅದು ನನ್ನ ಮಾನ ಕಳೆದ ಅಕ್ಷರ. ಚೀನೀಯರಲ್ಲಿ ಒಂದು ನುಡಿಗಟ್ಟು ಉಂಟು: ‘ಬೆಂಕಿಯ ಹಾಗೆ, ಜೊಂಡಿನ ಹೂವಿನ ಹಾಗೆ’. ಕೆಲಸ ಭರದಿಂದ ಸಾಗುತ್ತಿದೆ ಎಂದು ಹೇಳಲು ಬಳಸುತ್ತಾರೆ. ಹಿಂದೆ ವು ರಾಜ್ಯದ ದೊರೆ ತನ್ನ ದಂಡನ್ನು ಒಂದು ಕಡೆ ಕೆಂಪು ಬಟ್ಟೆ, ಒಂದು ಕಡೆ ಬಿಳಿ ಬಟ್ಟೆ ತೊಡಿಸಿ ನಿಲ್ಲಿಸಿದ್ದನಂತೆ. ಕೆಂಪು ಬೆಂಕಿಯ ಹಾಗೆ, ಬಿಳಿ ಜೊಂಡಿನ ಹೂವಿನ ಹಾಗೆ ಕಂಡಿತಂತೆ. ಆಫೀಸಿಗೆ ಸೇರಿ ಎರಡನೇ ವರ್ಷ, ಮೀಟಿಂಗಿನಲ್ಲಿ ಒಂದು ವರದಿ ಓದು ಎಂದರು. ಎದ್ದು ನಿಂತು ಗಟ್ಟಿಯಾಗಿ ಓದಿದೆ: ‘ಮಾರಾಟ ಬೆಂಕಿಯ ಹಾಗೆ, ಚಹಾದ ಹಾಗೆ ನಡೆಯುತ್ತಿದೆ’. ಒಂದು ಗೆರೆ ಕಣ್ಣಿಗೆ ಬೀಳಲಿಲ್ಲ. ಹಿಂದಿನ ಸಾಲಿನ ಹುಡುಗಿಯರು ಮೇಜಿನ ಕೆಳಗೆ ಬಗ್ಗಿಬಿಟ್ಟರು. ಚೀನೀಯರೇ ಎಷ್ಟೋ ಜನ ಹೀಗೇ ತಪ್ಪು ಓದುತ್ತಾರೆ ಅಂತ ಆಮೇಲೆ ಸಮಾಧಾನ ಹೇಳಿದರು. ಆದರೂ ನಾನು ಅಲ್ಲಿರುವ ತನಕ ನನ್ನ ಡೆಸ್ಕಿನ ಮೇಲೆ ಯಾರಾದರೂ ಲೋಟ ಇಟ್ಟರೆ ‘ತಗೋ, ಬೆಂಕಿ’ ಅಂತಲೇ ಇಡುತ್ತಿದ್ದರು.

ಈಗ ನಿಮ್ಮ ಎರಡನೇ ಮಾತು. ಸಂಬಂಧ ಇದೆ, ಚೆನ್ನಾಗಿಯೇ ಇದೆ. ಈ ಅಕ್ಷರವನ್ನು ಬೀಜಿಂಗ್‌ನವರು ‘ಛಾ’ ಎಂದು ಓದುತ್ತಾರೆ, ಕೊನೆಗೆ ದನಿ ಮೇಲಕ್ಕೆ, ನಾವು ‘ಹೌದಾ?’ ಎಂದು ಕೇಳುವಾಗಿನ ಹಾಗೆ. ಗುವಾಂಗ್‌ಝೌನವರೂ ‘ಛಾ’ ಎನ್ನುತ್ತಾರೆ, ದನಿ ಮಾತ್ರ ಕೆಳಕ್ಕೆ. ಅದೇ ಅಕ್ಷರವನ್ನು ಫುಜಿಯಾನ್ ಕರಾವಳಿಯವರು ‘ತೆ’ ಎಂದು ಓದುತ್ತಾರೆ. ಬರಹ ಒಂದೇ, ಬಾಯಿ ಬೇರೆ. 17ನೇ ಶತಮಾನದಲ್ಲಿ ಡಚ್ಚರು ಈ ‘ತೆ’ ಎನ್ನುವವರ ಕಡೆಯ ಮಾಲು ಹಡಗಿಗೆ ತುಂಬಿದರು, ಹೆಸರನ್ನೂ ತುಂಬಿಕೊಂಡು ಹೋದರು. ಇಂಗ್ಲಿಷಿನ ಟೀ ಆ ದಾರಿಯದು. ತಮಿಳರ ‘ತೇನೀರ್’ನ ಮೊದಲ ಅಕ್ಷರವೂ ಅದೇ ಬಳಗ. ಪೋರ್ಚುಗೀಸರು ಗುವಾಂಗ್‌ಝೌ ಹತ್ತಿರದ ಮಕಾವಿನಲ್ಲಿ ಕೂತಿದ್ದರು, ಅವರಿಗೆ ‘ಷಾ’ ಸಿಕ್ಕಿತು. ನೆಲದ ದಾರಿಯಲ್ಲಿ ಪಾರಸಿಗೆ ಹೋಗಿ ‘ಚಾಯ್’ ಆಯಿತು. ಹಿಂದಿಯವರಿಗೂ ಚಾಯ್, ಮಲಯಾಳಿಗಳಿಗೆ ಚಾಯ, ಮರಾಠಿಯವರಿಗೂ ನಮಗೂ ಚಹಾ.

ನಮ್ಮ ಮಲೆನಾಡಿನಲ್ಲಿ ಎರಡು ದಾರಿಯೂ ಬಂದು ಸೇರಿದೆ. ನಮ್ಮನೆಯಲ್ಲಿ ಅಜ್ಜಿ ‘ಚಾ’ ಎನ್ನುತ್ತಿದ್ದರು. ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ‘ಎರಡು ಟೀ’ ಎನ್ನುತ್ತೇವೆ. ಆಗುಂಬೆ ಘಾಟಿ ಇಳಿದರೆ ಮತ್ತೆ ಚಾ. ಅಂದರೆ ಗುವಾಂಗ್‌ಝೌನವರೂ ಫುಜಿಯಾನ್‌ನವರೂ ದಿನಾ ಬೆಳಗ್ಗೆ ನಮ್ಮ ಬಾಯಲ್ಲಿ ಇರುತ್ತಾರೆ.

ಈ ಅಕ್ಷರದ ಒಳಗೆ ಒಂದು ಲೆಕ್ಕವೂ ಅಡಗಿದೆ. ಲೆಕ್ಕದವಳಾದ್ದರಿಂದ ನನಗೆ ಇದೇ ಇಷ್ಟ. ಚೀನೀಯರ ಹತ್ತು ಅಂದರೆ ನಮ್ಮ ಕೂಡಿಸುವ ಗುರುತು. ಎಂಟು ಅಂದರೆ ಎಡಕ್ಕೊಂದು ಬಲಕ್ಕೊಂದು ಇಳಿಯುವ ಎರಡು ಗೆರೆ. ಈಗ ನಿಮ್ಮ ಲೋಟ ನೋಡಿ. ನೆತ್ತಿಯ ಹುಲ್ಲನ್ನು ಬಿಡಿಸಿದರೆ ಎರಡು ಕೂಡಿಸುವ ಗುರುತು, ಅಂದರೆ ಇಪ್ಪತ್ತು. ಮಾಡು ಎಂಟು, ಕಂಬ ಮತ್ತು ಅಡ್ಡಗೆರೆ ಸೇರಿ ಹತ್ತು, ಪಕ್ಕದ ಚಿಕ್ಕ ಗೆರೆಗಳು ಮತ್ತೆ ಎಂಟು. ಎಂಟು-ಹತ್ತು-ಎಂಟು ಅಂದರೆ ಅವರ ಬರಹದಲ್ಲಿ 88. ಇಪ್ಪತ್ತು ಕೂಡಿಸಿ. 108! ಅದಕ್ಕೇ ಜಪಾನಿನಲ್ಲಿ 108 ವರ್ಷ ತುಂಬಿದವರ ಹುಟ್ಟುಹಬ್ಬಕ್ಕೆ ‘ಚಹಾದ ಆಯಸ್ಸು’ ಎನ್ನುತ್ತಾರೆ. ನಮಗೆ 108 ಅಂದರೆ ಅಷ್ಟೋತ್ತರ, ಇಲ್ಲದಿದ್ದರೆ ಆಂಬುಲೆನ್ಸು.

ಬಳಕೆಯ ವಿಷಯ ಹೇಳದಿದ್ದರೆ ಅರ್ಧ ಆಗುತ್ತದೆ. ಪೊಟ್ಟಣದ ಮೇಲೆ ಈ ಅಕ್ಷರದ ಹಿಂದೆ ‘ಕೆಂಪು’ ಎಂದಿದ್ದರೆ ಹೆದರಬೇಡಿ. ನಾವು ಬ್ಲಾಕ್ ಟೀ ಎನ್ನುವುದು ಅವರಿಗೆ ಕೆಂಪು ಚಹಾ. ನಾವು ಎಲೆ ನೋಡಿದೆವು, ಅವರು ಲೋಟದೊಳಗೆ ನೋಡಿದರು. ಅವರು ‘ಕಪ್ಪು’ ಎನ್ನುವುದು ಇಟ್ಟು ಹಳತು ಮಾಡುವ ಬೇರೆಯೇ ಜಾತಿ. ಜಪಾನಿನವರಿಗೆ ‘ಚಹಾ ಬಣ್ಣ’ ಅಂದರೆ ಕಂದು. ‘ಮನುಷ್ಯ ಹೋದ, ಚಹಾ ಆರಿತು’ ಎಂದು ಒಂದು ಮಾತಿದೆ. ರಿಟೈರ್ ಆದ ಸಾಹೇಬರ ಮನೆ ಮುಂದೆ ಚಪ್ಪಲಿ ಕಡಿಮೆಯಾದಾಗ ಹೇಳುವ ಮಾತು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ಉಡುಗೊರೆಗೂ ಹಿಂದೆ ಚಹಾ ಎಂದೇ ಹೆಸರು; ಆ ಮನೆಯ ಚಹಾ ಕುಡಿದರೆ ನಿಶ್ಚಯ ಆದ ಹಾಗೆ. ನಮ್ಮಲ್ಲಿ ತಾಂಬೂಲ ಬದಲಾಯಿಸಿದ ಹಾಗೆ ಅಂದುಕೊಳ್ಳಿ.

ಗುವಾಂಗ್‌ಝೌನಲ್ಲಿ ಭಾನುವಾರ ಬೆಳಗ್ಗೆ ‘ಚಹಾ ಕುಡಿಯೋಣ ಬಾ’ ಅಂದರೆ ಎರಡು ಗಂಟೆ ತಿಂಡಿ ತಿನ್ನೋಣ ಬಾ ಅಂತ. ಪಕ್ಕದವರು ನಮ್ಮ ಬಟ್ಟಲಿಗೆ ಚಹಾ ಸುರಿದರೆ, ಬಾಯಲ್ಲಿ ತಿಂಡಿ ಇರುತ್ತದೆ, ಥ್ಯಾಂಕ್ಸ್ ಹೇಳುವುದು ಹೇಗೆ? ಎರಡು ಬೆರಳಿನಿಂದ ಮೇಜಿನ ಮೇಲೆ ಮೆಲ್ಲಗೆ ಟಕ್ ಟಕ್ ಎಂದು ತಟ್ಟುತ್ತಾರೆ. ಮಾರುವೇಷದ ದೊರೆಯೊಬ್ಬ ಆಳಿಗೆ ಚಹಾ ಸುರಿದಾಗ ಆಳು ಅಡ್ಡಬೀಳಲಾಗದೆ ಬೆರಳನ್ನೇ ಮಂಡಿಯೂರಿಸಿದ ಅಂತ ಕತೆ. ಕೆಟಲಿನ ಮುಚ್ಚಳ ಓರೆ ಮಾಡಿಟ್ಟರೆ ‘ನೀರು ತುಂಬಿಸಿ’ ಎಂದು ಅರ್ಥ. ಊರಿಗೆ ಬಂದ ಮೇಲೂ ಆ ಬೆರಳಿನ ಚಟ ಹೋಗಿಲ್ಲ. ದುರ್ಗಿಗುಡಿಯ ಒಂದು ಹೋಟೆಲಿನಲ್ಲಿ ಮಾಣಿ ಟೀ ಇಟ್ಟ ತಕ್ಷಣ ಮೇಜು ತಟ್ಟಿದೆ. ‘ಬಂತಲ್ಲ ಅಕ್ಕಾ, ಇನ್ನೇನು ಅರ್ಜೆಂಟು?’ ಎಂದ.

ಅಲ್ಲಿ ಗಲ್ಲಿಗಲ್ಲಿಯಲ್ಲಿ ‘ತಂಪು ಚಹಾ’ದ ಅಂಗಡಿಗಳಿವೆ. ಹೆಸರಿನಲ್ಲಿ ಇದೇ ಅಕ್ಷರ. ಒಳಗೆ ಹೆಚ್ಚಾಗಿ ಚಹಾ ಎಲೆಯೇ ಇರುವುದಿಲ್ಲ. ಬೇರು, ಎಲೆ, ಹೂವು ಕುದಿಸಿದ ಕಷಾಯ. ಮೈಗೆ ಉಷ್ಣ ಆಗಿದೆ, ಬಾಯಿ ಹುಣ್ಣು ಎಂದರೆ ಒಂದು ಲೋಟ ಕೊಡುತ್ತಾರೆ. ಕುಡಿದರೆ ಕಣ್ಣಲ್ಲಿ ನೀರು, ಅಷ್ಟು ಕಹಿ. ಗೆರೆ ತೆಗೆದು ಸಾವಿರದ ಇನ್ನೂರು ವರ್ಷ ಆದರೂ ಗುವಾಂಗ್‌ಝೌನ ಗಲ್ಲಿಯಲ್ಲಿ ‘ಥೂ’ ಮಾರುತ್ತಲೇ ಇದ್ದಾರೆ ಎಂದುಕೊಂಡು ಕುಡಿಯುತ್ತಿದ್ದೆ. ಒಂದು ಸಲ ಊರಿಗೆ ಬಂದಾಗ ಅಜ್ಜಿಗೆ ಒಳ್ಳೆಯ ಕೆಂಪು ಚಹಾವನ್ನು ಹಾಲು, ಸಕ್ಕರೆ ಇಲ್ಲದೆ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ‘ಇದೇನೇ, ಅಡಿಕೆ ಬೇಯಿಸಿದ ಚೊಗರು ತಂದುಕೊಟ್ಟಿದ್ದೀಯ?’

ಪ್ರಶ್ನೆ: ಅಡಿಕೆಗೆ ಚೀನಾದಲ್ಲಿ ಅಕ್ಷರ ಇದೆಯಾ ಮೇಡಂ? ಅಲ್ಲಿಯವರೂ ಜಗಿಯುತ್ತಾರಂತಲ್ಲ. (ತೀರ್ಥಹಳ್ಳಿಯ ಅಡಿಕೆ ಬೆಳೆಗಾರರು)

ಉತ್ತರ: ಇದೆ. ಒಂದಲ್ಲ, ಎರಡು ಅಕ್ಷರ ಸೇರಿ: ‘ಬಿನ್ ಲಾಂಗ್’. ಎರಡರ ಎಡಗಡೆಯೂ ‘ಮರ’ದ ಗುರುತು. ಮೊದಲನೆಯದರ ಬಲಭಾಗ ಬೇರೆಯಾಗಿ ಬರೆದರೆ ‘ಅತಿಥಿ’. ಎರಡನೆಯದರ ಬಲಭಾಗ ‘ಮಹಾಶಯ’ ಎನ್ನುವ ಹಾಗೆ ಒಂದು ಮರ್ಯಾದೆಯ ಮಾತು. ನೋಡಿದ ತಕ್ಷಣ ನಮ್ಮವರ ಎದೆ ಉಬ್ಬುತ್ತದೆ: ಮನೆಗೆ ಬಂದವರಿಗೆ ಕೊಡುವ ಮರದ ಕಾಯಿ! ಹಳೆಯ ಚೀನೀ ಔಷಧಿಯ ಪುಸ್ತಕದಲ್ಲೂ ಹೀಗೇ ಅರ್ಥ ಹೇಳಿದ್ದಾರೆ. ದಕ್ಷಿಣ ಚೀನಾದವರು ಹಿಂದೆ ಬಂದವರಿಗೆ ಮೊದಲು ಅಡಿಕೆ ಕೊಡುತ್ತಿದ್ದದ್ದೂ ನಿಜ.

ಆದರೆ ಇಲ್ಲೂ ಚಹಾದ ಕತೆಯೇ. ಹೆಸರು ಬಂದಿದ್ದು ಮಲಯ ಭಾಷೆಯ ‘ಪಿನಾಂಗ್’ನಿಂದ. ಅಡಿಕೆಗೆ ಅಲ್ಲಿ ಹಾಗನ್ನುತ್ತಾರೆ. ಮಲೇಷ್ಯಾದ ಪಿನಾಂಗ್ ದ್ವೀಪ ಅಂದರೆ ಅಡಿಕೆ ದ್ವೀಪ. ಆ ಸದ್ದಿಗೆ ಹತ್ತಿರದ ಎರಡು ಅಕ್ಷರ ಹುಡುಕಿ ಪಕ್ಕಕ್ಕೆ ಮರ ನೆಟ್ಟರು. ಅತಿಥಿ ಆಮೇಲೆ ಬಂದ.

ಜಗಿಯುವ ವಿಷಯ: ಹುನಾನ್ ಪ್ರಾಂತ್ಯದಲ್ಲಿ ಜೋರು. ಆದರೆ ಅವರು ಜಗಿಯುವುದು ಎಳೆ ಕಾಯಿಯ ಸಿಪ್ಪೆಯನ್ನು, ಒಣಗಿಸಿ ಸಿಹಿ, ಮಸಾಲೆ ಹಾಕಿ. ನಾವು ಸುಲಿದು ತೋಟದ ಬದುವಿಗೆ ಎಸೆಯುವುದನ್ನು ಅವರು ಪ್ಯಾಕೆಟ್ ಮಾಡಿ ಮಾರುತ್ತಾರೆ. ರಾಶಿ, ಬೆಟ್ಟೆ, ಗೊರಬಲು ಎಂದೆಲ್ಲ ನಮ್ಮ ಅಡಿಕೆಯ ದರ್ಜೆಗಳನ್ನು ಅಲ್ಲಿ ಹೇಳಿದರೆ ಯಾರಿಗೂ ಅರ್ಥವಾಗದು. ಬಾಯಿಗೆ ಒಳ್ಳೆಯದಲ್ಲ ಎನ್ನುವುದು ಅವರಿಗೂ ಗೊತ್ತಾಗಿದೆ. 2021ರಲ್ಲಿ ಟಿವಿಯಲ್ಲಿ ಅಡಿಕೆಯ ಜಾಹೀರಾತು ನಿಲ್ಲಿಸಿದರು. ಬೆಳೆಗಾರರ ಮನೆಯ ಮಗಳಾಗಿ ಇದನ್ನು ಬರೆಯಲು ನನಗೇನೂ ಖುಷಿ ಇಲ್ಲ.

ಪ್ರಶ್ನೆ: ಚೀನೀ ಭಾಷೆಯಲ್ಲಿ ಒಟ್ಟು ಎಷ್ಟು ಅಕ್ಷರ? (ಸಾಗರದ ಶಿಕ್ಷಕರು)

ಉತ್ತರ: 1716ರ ಕಾಂಗ್‌ಶಿ ನಿಘಂಟಿನಲ್ಲಿ 47 ಸಾವಿರ ದಾಟುತ್ತದೆ. ಹೆದರಬೇಡಿ ಸರ್, ಜಾಸ್ತಿ ಪಾಲು ಯಾರೂ ಬಳಸದವು. ಅಲ್ಲಿನ ಸರ್ಕಾರ 2013ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ 8,105 ಇವೆ. ಅದರಲ್ಲಿ ಮೊದಲ ದರ್ಜೆಯವು 3,500. ಅಷ್ಟಿದ್ದರೆ ಪೇಪರ್ ಓದಬಹುದು. ನನಗೆ ಎರಡು ಸಾವಿರ ಚಿಲ್ಲರೆ ಬರುತ್ತಿತ್ತು, ಈಗ ಮರೆಯುತ್ತಾ ಬಂದಿದೆ. ಬಿಲ್ಲು, ತೂಕ, ಬಾಕಿ, ಇವು ಮಾತ್ರ ಗಟ್ಟಿ.

ಪ್ರಶ್ನೆ: ಅಕ್ಕಾ, ನಾನು ದಿನಕ್ಕೆ ಹತ್ತು ಟೀ ಕುಡಿಯುತ್ತೇನೆ, ಫ್ರೆಂಡ್ಸ್ ‘ಚಾ’ ಅಂತಲೇ ಕರೆಯುತ್ತಾರೆ. ಕೈ ಮೇಲೆ ಚೀನೀ ಭಾಷೆಯಲ್ಲಿ ಚಾ ಅಂತ ಟ್ಯಾಟೂ ಹಾಕಿಸಬೇಕು ಅಂತಿದ್ದೇನೆ. ನೀವು ಬರೆದು ಕಳಿಸ್ತೀರಾ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಕಳಿಸಿದ್ದೇನೆ, ದೊಡ್ಡದಾಗಿ ಬರೆದು, ಗೆರೆಗೆ ನಂಬರ್ ಹಾಕಿ. ಸೂಜಿ ಹಾಕುವವರಿಗೆ ಆ ಹಾಳೆಯನ್ನೇ ತೋರಿಸು, ಮೊಬೈಲಿನಿಂದ ಹುಡುಕಿ ತೆಗೆಯಲು ಬಿಡಬೇಡ. ಅಮ್ಮನಿಗೆ ಮೊದಲೇ ಹೇಳು. ದಿನಕ್ಕೆ ಹತ್ತು ಜಾಸ್ತಿ ಆಯ್ತು ಮಾರಾಯ. ಮತ್ತೆ, ಹಾಕುವವರು ಶುರು ಮಾಡುವ ಮುಂಚೆ ಪೆನ್ನಿನಲ್ಲಿ ಗುರುತು ಹಾಕುತ್ತಾರಲ್ಲ, ಆಗ ಎಣಿಸು. ಮಾಡಿನ ಕೆಳಗೆ ಅಡ್ಡಗೆರೆ ಒಂದೇ ಇರಬೇಕು. ಎರಡಿದ್ದರೆ ಎದ್ದು ಬಾ. ಜನ್ಮ ಇಡೀ ಕೈ ಮೇಲೆ ‘ಥೂ’ ಅಂತ ಇರುತ್ತದೆ.